ಆನ್‌ಲೈನ್ ಖರೀದಿ: ವಂಚನೆಗೆ ಸಿಲುಕದಿರಲು ಪ್ರತಿ ಕುಟುಂಬವೂ ತಿಳಿದಿರಬೇಕಾದ ಅಂಶಗಳು

ಸೀರೆ, ಪಾತ್ರೆ, ಔಷಧಿ, ಮಕ್ಕಳ ಪುಸ್ತಕ, ಯಾತ್ರಾಸ್ಥಳದ ಕೊಠಡಿ ಹೀಗೆ ಎಲ್ಲವನ್ನೂ ಮೊಬೈಲ್‌ನಲ್ಲೇ ಕೊಳ್ಳುವ ಇಲ್ಲವೇ ಕಾಯ್ದಿರಿಸುವ ಅಭ್ಯಾಸ ಈಗ ಹಳ್ಳಿಗಳಿಗೂ ತಲುಪಿದೆ. ಇದರಿಂದ ಅನುಕೂಲ ಹೆಚ್ಚಿದಂತೆ ವಂಚನೆಯ ದಾರಿಗಳೂ ಹೆಚ್ಚಿವೆ. ಕೊಳ್ಳುವ ಮೊದಲು ಬಹುತೇಕರು ಎಚ್ಚರದಿಂದಿರುತ್ತಾರೆ. ಆದರೆ ಕೊಂಡ ನಂತರ, ಪಾರ್ಸೆಲ್‌ಗಾಗಿ ಕಾಯುವಾಗ ಅಥವಾ ಹಣ ವಾಪಸ್ ಕೇಳುವಾಗ ಮೋಸಹೋಗುವವರೂ ಅನೇಕರಿದ್ದಾರೆ. ಆದ್ದರಿಂದ ಖರೀದಿಯ ಪ್ರತಿ ಹಂತದಲ್ಲೂ ಗಮನಿಸಬೇಕಾದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ನೀಡಲಾಗಿದೆ.

ನಕಲಿ ಅಂಗಡಿಯನ್ನು ಗುರುತಿಸುವುದು

ಹಬ್ಬದ ದಿನಗಳಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ‘ಮೈಸೂರು ಸಿಲ್ಕ್ ಸೀರೆ ಕೇವಲ 999 ರೂಪಾಯಿ’ ಎಂಬಂತಹ ಜಾಹೀರಾತುಗಳು ಕಾಣುತ್ತವೆ. ಶುದ್ಧ ರೇಷ್ಮೆ ಮತ್ತು ಜರಿಯ ಮೈಸೂರು ಸಿಲ್ಕ್ ಸೀರೆಗೆ ಹಲವು ಸಾವಿರ ರೂಪಾಯಿ ಬೆಲೆಯಿದೆ. ಮೂಲವಸ್ತುವಿನ ಬೆಲೆಗೂ ಸಾಲದ ದರ ಕಂಡರೆ ಅಲ್ಲಿಗೇ ನಿಲ್ಲಿಸುವುದು ಒಳಿತು.

ವೆಬ್ ವಿಳಾಸವನ್ನು ಅಕ್ಷರ ಬಿಡದೆ ಓದಬೇಕು. ಪ್ರಸಿದ್ಧ ಅಂಗಡಿಯ ಹೆಸರಿಗೆ ‘ಆಫರ್’, ‘ಸೇಲ್’ ಎಂಬ ಪದ ಅಂಟಿಸಿದ ಅಥವಾ ಒಂದಕ್ಷರ ಬದಲಿಸಿದ ವಿಳಾಸಗಳು ನಕಲಿಯಾಗಿರುವ ಸಾಧ್ಯತೆ ಹೆಚ್ಚು. ವಿಳಾಸದ ಪಕ್ಕದ ಬೀಗದ ಗುರುತನ್ನು ನಂಬಿಕೆಯ ಮುದ್ರೆ ಎಂದು ಭಾವಿಸಬಾರದು. ಮೊಬೈಲ್ ಮತ್ತು ಆ ತಾಣದ ನಡುವಿನ ಮಾಹಿತಿಯನ್ನು ಬೇರೆಯವರು ಓದಲಾರರು ಎಂಬುದಷ್ಟೇ ಅದರ ಅರ್ಥ. ವಂಚಕರ ತಾಣಕ್ಕೂ ಆ ಬೀಗ ಸುಲಭವಾಗಿ ಸಿಗುತ್ತದೆ.

ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು 2020ರ ಪ್ರಕಾರ ಆನ್‌ಲೈನ್ ಅಂಗಡಿಗಳು ತಮ್ಮ ಕಾನೂನುಬದ್ಧ ಹೆಸರು, ಕಚೇರಿ ವಿಳಾಸ, ಸಂಪರ್ಕ ವಿವರ ಹಾಗೂ ದೂರು ಅಧಿಕಾರಿಯ ಹೆಸರನ್ನು ಪ್ರಕಟಿಸಬೇಕು. ಇವು ಇಲ್ಲದ, ಕೇವಲ ವಾಟ್ಸಾಪ್ ಸಂಖ್ಯೆ ಇರುವ ಅಂಗಡಿಗೆ ಮುಂಗಡ ಹಣ ಕೊಡಬಾರದು. ಆನ್‌ಲೈನ್‌ನಲ್ಲಿ ಚಿನ್ನ ಕೊಳ್ಳುವವರು ಆಭರಣದ ಮೇಲಿನ 6 ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ಹಣ ಪಾವತಿಸುವಾಗ

ಅಂಗಡಿಯ ಆ್ಯಪ್ ಅಥವಾ ತಾಣದೊಳಗೇ ಹಣ ಪಾವತಿಸಬೇಕು. ‘ನೇರವಾಗಿ ಈ ನಂಬರಿಗೆ ಹಾಕಿ, ಇನ್ನೂ ಕಡಿಮೆ ಮಾಡಿಕೊಡುತ್ತೇವೆ’ ಎಂದು ಹೊರಗೆ ಕರೆಯುವವರಿಗೆ ಹಣ ಕೊಟ್ಟರೆ ಅಂಗಡಿಯ ರಕ್ಷಣೆ ಸಿಗುವುದಿಲ್ಲ. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ತೆರೆಯ ಮೇಲೆ ಕಾಣುವ ಹೆಸರು ಮತ್ತು ಮೊತ್ತ ಓದುವುದನ್ನು ರೂಢಿಸಿಕೊಳ್ಳಬೇಕು. ಅಪರಿಚಿತ ಅಂಗಡಿಯಾದರೆ, ವಸ್ತು ಬಂದ ಮೇಲೆ ಹಣ ಕೊಡುವ ಆಯ್ಕೆ ಮೇಲು.

ಪಾರ್ಸೆಲ್ ಬರುವ ವೇಳೆ

‘ವಿಳಾಸ ಸರಿಯಿಲ್ಲ, 5 ರೂಪಾಯಿ ಕಟ್ಟಿ’ ಎಂದು ಬರುವ ಲಿಂಕ್‌ಗಳ ಗುರಿ ಆ 5 ರೂಪಾಯಿ ಅಲ್ಲ, ಕಾರ್ಡಿನ ವಿವರ. ‘ಕೊರಿಯರ್ ಹುಡುಗನನ್ನು ಸಂಪರ್ಕಿಸಲು ಈ ಕೋಡ್ ಒತ್ತಿ’ ಎಂದು ನಕ್ಷತ್ರ ಚಿಹ್ನೆಯಿಂದ ಆರಂಭವಾಗುವ ಸಂಖ್ಯೆ ಹೇಳಿದರೆ ಒತ್ತಬಾರದು. ಅದರಿಂದ ಕರೆಗಳು ವಂಚಕರ ಫೋನಿಗೆ ತಿರುಗಿ, ಬ್ಯಾಂಕಿನ ಒಟಿಪಿ ಕರೆಯೂ ಅವರಿಗೇ ಹೋಗಬಹುದು. ಪಾರ್ಸೆಲ್ ಹುಡುಕಲೆಂದು ವಾಟ್ಸಾಪ್‌ನಲ್ಲಿ ಬರುವ ‘ಎಪಿಕೆ’ ಕಡತವನ್ನು ತೆರೆಯಬಾರದು.

ಮನೆಯಲ್ಲಿ ಯಾರೂ ತರಿಸದ ಪಾರ್ಸೆಲ್‌ಗೆ ಹಣ ಕೇಳಿದರೆ ನಿರಾಕರಿಸಬೇಕು. ಹಿರಿಯರು ಒಬ್ಬರೇ ಇರುವ ಮನೆಗಳಲ್ಲಿ, ಯಾವ ದಿನ ಏನು ಬರಲಿದೆ ಎಂದು ಮೊದಲೇ ತಿಳಿಸಿಡುವುದು ಒಳ್ಳೆಯದು. ಪೊಟ್ಟಣ ತೆರೆಯುವಾಗ ವಿಡಿಯೊ ಮಾಡಿಟ್ಟುಕೊಂಡರೆ ಮುಂದೆ ದೂರಿಗೆ ಸಾಕ್ಷಿಯಾಗುತ್ತದೆ.

ಹಣ ವಾಪಸ್ ಕೇಳುವಾಗ

ಅತ್ಯಂತ ಎಚ್ಚರ ಬೇಕಾದ ಹಂತ ಇದು. ವಸ್ತು ಹಾಳಾಗಿ ಬಂದಿದೆ, ಗ್ರಾಹಕರು ಬೇಸರದಲ್ಲಿದ್ದಾರೆ. ಅಂತರ್ಜಾಲದಲ್ಲಿ ಅಂಗಡಿಯ ‘ಕಸ್ಟಮರ್ ಕೇರ್’ ಸಂಖ್ಯೆ ಹುಡುಕುತ್ತಾರೆ. ಮೊದಲಿಗೆ ಕಾಣುವ ಸಂಖ್ಯೆ ವಂಚಕರೇ ಹಾಕಿದ್ದಾಗಿರಬಹುದು. ಕರೆ ಮಾಡಿದಾಗ ಆ ಕಡೆಯವರು ವಿನಯದಿಂದ ಮಾತನಾಡಿ, ಕ್ಷಮೆ ಕೇಳಿ, ‘ಈಗಲೇ ಹಣ ಹಾಕುತ್ತೇವೆ’ ಎನ್ನುತ್ತಾರೆ. ಕರೆ ಮಾಡಿದ್ದು ತಾವೇ ಆದ್ದರಿಂದ ಗ್ರಾಹಕರಿಗೆ ಅನುಮಾನ ಬರುವುದಿಲ್ಲ.

ಮುಂದೆ ಸಾಮಾನ್ಯವಾಗಿ ಮೂರರಲ್ಲಿ ಒಂದು ನಡೆಯುತ್ತದೆ. ಮೊದಲನೆಯದು, ಕ್ಯೂಆರ್ ಕೋಡ್ ಕಳುಹಿಸಿ ‘ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ’ ಎನ್ನುವುದು. ಎರಡನೆಯದು, ನೆರವಿಗೆಂದು ಒಂದು ಆ್ಯಪ್ ಹಾಕಿಸಿ, ಮೊಬೈಲಿನ ತೆರೆಯನ್ನೇ ದೂರದಿಂದ ನೋಡಿ ಒಟಿಪಿ ಓದಿಕೊಳ್ಳುವುದು. ಮೂರನೆಯದು, ‘500 ರೂಪಾಯಿ ಬದಲು 5,000 ಹೋಗಿದೆ, ಉಳಿದದ್ದು ವಾಪಸ್ ಮಾಡಿ’ ಎಂದು ನಕಲಿ ಸಂದೇಶ ತೋರಿಸಿ ಅಂಗಲಾಚುವುದು.

ಇವೆಲ್ಲಕ್ಕೂ ಒಂದೇ ಉತ್ತರವಿದೆ: ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಸ್ಕ್ಯಾನ್ ಕೂಡ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಸಾಮಾನ್ಯವಾಗಿ ಪಾವತಿಸಿದ ದಾರಿಯಲ್ಲೇ ಹಣ ಹಿಂತಿರುಗುತ್ತದೆ. ದೂರು ಹೇಳಬೇಕಿದ್ದರೆ ಅಂಗಡಿಯ ಆ್ಯಪ್‌ನೊಳಗಿನ ‘ಆರ್ಡರ್’ ವಿಭಾಗದಿಂದಲೇ ಹೇಳಬೇಕು. ಹೆಚ್ಚು ಹಣ ಬಂದಿದೆ ಎಂದು ಯಾರಾದರೂ ಹೇಳಿದರೆ ಸಂದೇಶ ನಂಬದೆ ಖಾತೆಯ ಶಿಲ್ಕು ನೋಡಬೇಕು.

ಯಾತ್ರೆಯ ಕೊಠಡಿ ಕಾಯ್ದಿರಿಸುವಾಗ

ತೀರ್ಥಕ್ಷೇತ್ರಗಳ ವಸತಿಗೃಹ, ವಾಹನಗಳ ಹೆಸರಿನಲ್ಲಿ ನಕಲಿ ತಾಣಗಳಿರುವ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರ ಏಪ್ರಿಲ್‌ನಲ್ಲಿ ಎಚ್ಚರಿಸಿತ್ತು. ಶ್ರವಣಬೆಳಗೊಳವಾಗಲಿ, ಸಮ್ಮೇದ ಶಿಖರ್ಜಿಯಾಗಲಿ, ಮುಂಗಡ ಹಣ ಕಳಿಸುವ ಮೊದಲು ಕ್ಷೇತ್ರದ ಕಚೇರಿಯನ್ನೋ ಇತ್ತೀಚೆಗೆ ಹೋಗಿಬಂದವರನ್ನೋ ವಿಚಾರಿಸಬೇಕು. ಸಂಸ್ಥೆಯ ಖಾತೆಯ ಬದಲು ವ್ಯಕ್ತಿಯೊಬ್ಬರ ಹೆಸರಿನ ಖಾತೆಗೆ ಹಣ ಕೇಳಿದರೆ ಅನುಮಾನಿಸಬೇಕು.

ಹಣ ಹೋದರೆ ತಕ್ಷಣ ಮಾಡಬೇಕಾದದ್ದು

1. 1930ಕ್ಕೆ ಕರೆ ಮಾಡಬೇಕು. ಇದು ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ. ವಂಚಕರ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ಅದನ್ನು ತಡೆಹಿಡಿಯಲು ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ಹಣ ಖಾತೆಯಿಂದ ಖಾತೆಗೆ ಬೇಗ ಸಾಗುವುದರಿಂದ ಮೊದಲ ಒಂದು ಗಂಟೆ ಅಮೂಲ್ಯ.

2. ಬ್ಯಾಂಕಿಗೆ ತಿಳಿಸಿ ಕಾರ್ಡ್, ಯುಪಿಐ ತಡೆಹಿಡಿಸಬೇಕು. ಗ್ರಾಹಕರ ತಪ್ಪಿಲ್ಲದೆ ಮೂರನೆಯವರಿಂದ ಅನಧಿಕೃತ ವಹಿವಾಟು ನಡೆದು, 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರದ್ದಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ಪಿನ್, ಒಟಿಪಿ ತಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ. ಹಾಗಾಗಿ ಅಂಥ ಸಂದರ್ಭದಲ್ಲೂ ತಡಮಾಡಬಾರದು.

3. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ನೀಡಬೇಕು. ಸಂದೇಶ, ವಹಿವಾಟಿನ ಸಂಖ್ಯೆ, ಕರೆ ಬಂದ ಸಂಖ್ಯೆ ಯಾವುದನ್ನೂ ಅಳಿಸಬಾರದು.

ಅಂಗಡಿ ಅಸಲಿಯೇ ಆಗಿದ್ದು, ಕಳಪೆ ವಸ್ತು ಕೊಟ್ಟು ಹಣ ಹಿಂದಿರುಗಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಂಗಡಿಯ ದೂರು ಅಧಿಕಾರಿ 48 ಗಂಟೆಗಳೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂಬ ನಿಯಮವಿದೆ. ಅಲ್ಲೂ ಆಗದಿದ್ದರೆ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಬಹುದು. ಖರೀದಿಯ ಮೊತ್ತ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ.

ಮನೆಯವರ ಪಾತ್ರ

ಮೋಸಹೋದವರು, ಅದರಲ್ಲೂ ಹಿರಿಯರು, ಮನೆಯವರು ಬೈದಾರೆಂಬ ಅಂಜಿಕೆಯಿಂದ ಎರಡು-ಮೂರು ದಿನ ಹೇಳದೆ ಉಳಿಯುತ್ತಾರೆ. ಅಷ್ಟರಲ್ಲಿ ಹಣ ಕೈಗೆಟುಕದ ಕಡೆ ಸಾಗಿರುತ್ತದೆ. ವಂಚನೆ ಆದಾಗ ‘ಯಾಕೆ ಒತ್ತಿದಿರಿ’ ಎಂದು ಕೇಳುವ ಮೊದಲು 1930ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ಮನೆಯ ಎಲ್ಲರ ಫೋನಿನಲ್ಲಿ ಇಂದೇ ಉಳಿಸಿಡುವುದು, ಏನೇ ಆದರೂ ಮೊದಲು ಮನೆಯಲ್ಲಿ ಹೇಳಬಹುದು ಎಂಬ ಧೈರ್ಯವನ್ನು ಹಿರಿಯರಿಗೆ ಕೊಡುವುದು, ಪ್ರತಿ ಕುಟುಂಬವೂ ಮಾಡಬಹುದಾದ ಎರಡು ಕೆಲಸಗಳು.