ವಿಜ್ಞಾನ ಪದವಿ: ಸರ್ಕಾರಿ ವಿಶ್ವವಿದ್ಯಾಲಯವೋ, ಖಾಸಗಿಯೋ? ಕರ್ನಾಟಕದ ಸಂದರ್ಭದಲ್ಲಿ ಒಂದು ವಿಶ್ಲೇಷಣೆ

ಪ್ರಸ್ತಾವನೆ

ದ್ವಿತೀಯ ಪಿಯುಸಿ ಫಲಿತಾಂಶದ ಹೊತ್ತಿಗೆ ವಿಜ್ಞಾನ ಓದಿದ ಮಕ್ಕಳಿರುವ ಮನೆಗಳಲ್ಲಿ ಸಿಇಟಿ, ನೀಟ್ ಮಾತೇ ಮಾತು. ಬಿ.ಎಸ್ಸಿ. ಸೇರುತ್ತೇನೆ ಎನ್ನುವವರಿಗೆ ಸಲಹೆ ಸಿಗುವುದೇ ಅಪರೂಪ. ಸಿಕ್ಕರೂ ಅದು ಒಂದೇ ಉಸಿರಿನಲ್ಲಿ ಮುಗಿಯುತ್ತದೆ: ಸರ್ಕಾರಿಯಾದರೆ ಫೀಸು ಕಡಿಮೆ, ಖಾಸಗಿಯಾದರೆ ಸೌಲಭ್ಯ ಹೆಚ್ಚು.

ವಿಜ್ಞಾನ ಓದುವವರ ಸಂಖ್ಯೆ ಸಣ್ಣದಲ್ಲ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಪದವಿಯಿಂದ ಪಿಎಚ್.ಡಿ.ವರೆಗೆ ವಿಜ್ಞಾನ ವಿಭಾಗದಲ್ಲಿದ್ದವರು 57.2 ಲಕ್ಷ, ಅವರಲ್ಲಿ 29.8 ಲಕ್ಷ ಮಂದಿ ಹೆಣ್ಣುಮಕ್ಕಳು. ಇಷ್ಟು ಜನರ ಆಯ್ಕೆಯನ್ನು ಒಡೆತನವೊಂದರಿಂದಲೇ ಅಳೆಯಲಾಗದು ಎಂಬುದು ಈ ಲೇಖನದ ವಾದ. ಪಾಠ, ಪ್ರಯೋಗ, ಪರೀಕ್ಷೆ ಈ ಮೂರೂ ಯಾರ ಕೈಯಲ್ಲಿವೆ ಎಂಬುದೇ ವಿಜ್ಞಾನ ವಿದ್ಯಾರ್ಥಿಯ ಮಟ್ಟಿಗೆ ನಿರ್ಣಾಯಕ.

ಪದವಿ ಕೊಡುವವರು ಮತ್ತು ಪಾಠ ಹೇಳುವವರು

ಅದೇ ಸಮೀಕ್ಷೆಯಲ್ಲಿ ಒಟ್ಟಿಗೆ ಇಟ್ಟು ನೋಡಬೇಕಾದ ಎರಡು ಅಂಕಿಗಳಿವೆ. ವಿಶ್ವವಿದ್ಯಾಲಯಗಳ ಮಟ್ಟದ ದಾಖಲಾತಿಯಲ್ಲಿ ಶೇ. 73.7ರಷ್ಟು ಸರ್ಕಾರಿ ವಿಶ್ವವಿದ್ಯಾಲಯಗಳದ್ದು. ಕಾಲೇಜುಗಳ ಲೆಕ್ಕಕ್ಕೆ ಬಂದರೆ ಶೇ. 78.5ರಷ್ಟು ಖಾಸಗಿ ಆಡಳಿತದವು. ಸರ್ಕಾರಿ ವಿಶ್ವವಿದ್ಯಾಲಯದ ಮೊಹರು ಹೊತ್ತ ಅಂಕಪಟ್ಟಿ ಪಡೆಯುವ ಎಷ್ಟೋ ವಿದ್ಯಾರ್ಥಿಗಳು ಮೂರು ವರ್ಷ ಕೂರುವುದು ಖಾಸಗಿ ಆಡಳಿತ ಮಂಡಳಿಯ ಕಾಲೇಜಿನಲ್ಲಿ. ಹದಿನೆಂಟರಿಂದ ಇಪ್ಪತ್ಮೂರು ವರ್ಷದೊಳಗಿನ ಒಂದು ಲಕ್ಷ ಜನರಿಗೆ 66 ಕಾಲೇಜುಗಳಿರುವ ಕರ್ನಾಟಕದಲ್ಲಂತೂ ಇದು ದಿನನಿತ್ಯದ ಸಂಗತಿ. ರಾಷ್ಟ್ರೀಯ ಸರಾಸರಿ 30.

ಇದರ ಬೇರು ಕಾಲೇಜುಗಳನ್ನು ವಿಶ್ವವಿದ್ಯಾಲಯದೊಡನೆ ಜೋಡಿಸುವ ಸಂಲಗ್ನತೆಯ ವ್ಯವಸ್ಥೆಯಲ್ಲಿದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ವಿಜ್ಞಾನ ಬೋಧನೆ ನಡೆದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಸಿ.ಎನ್.ಆರ್. ರಾವ್ 1951ರಲ್ಲಿ ಪಡೆದ ಬಿ.ಎಸ್ಸಿ. ಮೈಸೂರು ವಿಶ್ವವಿದ್ಯಾಲಯದ್ದು, ಅವರು ಓದಿದ್ದು ಸೆಂಟ್ರಲ್ ಕಾಲೇಜಿನಲ್ಲಿ. ಪದವಿಯ ಹೆಸರು ಒಂದೂರಿನದು, ಪ್ರಯೋಗಾಲಯ ಇನ್ನೊಂದೂರಿನದು ಎಂಬ ಏರ್ಪಾಡು ಅಂದಿನದೇ. ಆಗ ಕಾಲೇಜುಗಳು ಬೆರಳೆಣಿಕೆಯಷ್ಟಿದ್ದವು, ಪಠ್ಯ ರೂಪಿಸುವವರೂ ಪಾಠ ಹೇಳುವವರೂ ಬಹುಮಟ್ಟಿಗೆ ಒಬ್ಬರೇ ಆಗಿದ್ದರು. ಇಂದು ಪಠ್ಯಕ್ರಮ ಬರೆಯುವುದು ಅಧ್ಯಯನ ಮಂಡಳಿ, ಪ್ರಶ್ನೆಪತ್ರಿಕೆ ತೆಗೆಯುವುದು ಮತ್ತೊಬ್ಬರು, ಪಾಠ ಹೇಳುವುದು ದೂರದ ತಾಲ್ಲೂಕಿನ ಉಪನ್ಯಾಸಕರು.

ಖಾಸಗಿ ವಿಶ್ವವಿದ್ಯಾಲಯದ ಕಾನೂನು ಸ್ವರೂಪವೇ ಬೇರೆ. ರಾಜ್ಯ ಶಾಸನದ ಮೂಲಕ ಸ್ಥಾಪನೆಯಾಗುವ ಇವು ಏಕಘಟಕ ಸಂಸ್ಥೆಗಳಾಗಿರಬೇಕು, ಬೇರೆ ಕಾಲೇಜುಗಳಿಗೆ ಸಂಲಗ್ನತೆ ಕೊಡುವಂತಿಲ್ಲ ಎನ್ನುತ್ತವೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2003ರ ನಿಯಮಗಳು. ಈ ಬಿಗಿ ಏಕೆ ಬೇಕಾಯಿತು ಎಂಬುದಕ್ಕೆ ಛತ್ತೀಸ್‌ಗಢದ ಉದಾಹರಣೆಯಿದೆ. ಅಲ್ಲಿನ 2002ರ ಶಾಸನದಡಿ ನೂರಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು. ಕಟ್ಟಡವಾಗಲಿ ಪ್ರಯೋಗಾಲಯವಾಗಲಿ ಇಲ್ಲದವೂ ಅವುಗಳಲ್ಲಿದ್ದವು. ಪ್ರೊ. ಯಶ್‌ಪಾಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಆ ಶಾಸನದ ಮುಖ್ಯ ಕಲಮುಗಳನ್ನೇ ರದ್ದುಮಾಡಿತು.

ಏಕಘಟಕವಾಗಿರುವುದರಿಂದ ನೇರವಾದ ಶೈಕ್ಷಣಿಕ ಲಾಭವಿದೆ. ಪಾಠ ಹೇಳಿದವರೇ ಪಠ್ಯ ತಿದ್ದಬಹುದು, ಪ್ರಶ್ನೆ ಬರೆಯಬಹುದು, ಫಲಿತಾಂಶ ಬೇಗ ಕೊಡಬಹುದು. ಆದರೆ ಈ ಲಾಭ ಖಾಸಗಿಯವರಿಗಷ್ಟೇ ಮೀಸಲಲ್ಲ. ಮೈಸೂರು ವಿಶ್ವವಿದ್ಯಾಲಯದ ಘಟಕ ಕಾಲೇಜಾದ ಯುವರಾಜ ಕಾಲೇಜು ಸ್ವಾಯತ್ತ ಸಂಸ್ಥೆ. 2011ರಿಂದ ನಾಲ್ಕು ವರ್ಷದ ಪದವಿ ನಡೆಸುತ್ತಿರುವ ಭಾರತೀಯ ವಿಜ್ಞಾನ ಸಂಸ್ಥೆಯೂ ಸಾರ್ವಜನಿಕ ಸಂಸ್ಥೆಯೇ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಅಂತೂ ಎರಡೂ ಗುಂಪಿಗೆ ಪೂರ್ತಿ ಸೇರುವುದಿಲ್ಲ. 1882ರಲ್ಲಿ ಕ್ರೈಸ್ತ ಸಂಸ್ಥೆಯಾಗಿ ಆರಂಭವಾದ ಅದು 2022ರಲ್ಲಿ ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ವಿಶ್ವವಿದ್ಯಾಲಯವಾಯಿತು.

ಸ್ಪೆಕ್ಟ್ರೋಮೀಟರಿನ ಮುಂದೆ ಎಷ್ಟು ಜನ?

ಬಿ.ಎ. ಅಥವಾ ಬಿ.ಕಾಂ. ಆಯ್ಕೆಯಲ್ಲಿ ಇಲ್ಲದ ಒಂದು ತೊಡಕು ಬಿ.ಎಸ್ಸಿ.ಯಲ್ಲಿದೆ: ಪ್ರಯೋಗ. ಭೌತಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಮಾಡುವ ಗ್ರೇಟಿಂಗ್ ಪ್ರಯೋಗವನ್ನೇ ನೋಡಬಹುದು. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿರುವುದು ಒಂದಲ್ಲ, 589.0 ಮತ್ತು 589.6 ನ್ಯಾನೊಮೀಟರ್ ತರಂಗಾಂತರದ ಎರಡು ಗೆರೆಗಳು. ಅವು ಬೇರೆಯಾಗಿ ಕಾಣಬೇಕಾದರೆ ಸ್ಲಿಟ್ ಕಿರಿದು ಮಾಡಬೇಕು, ಗ್ರೇಟಿಂಗನ್ನು ಬೆಳಕಿಗೆ ಲಂಬವಾಗಿ ನಿಲ್ಲಿಸಬೇಕು, ದೂರದರ್ಶಕವನ್ನು ಎರಡನೆಯ ಶ್ರೇಣಿಯವರೆಗೆ ನಿಧಾನವಾಗಿ ಸರಿಸಬೇಕು. ಮೊದಲ ಸಲ ಮಾಡುವವರಿಗೆ ಇಡೀ ಮಧ್ಯಾಹ್ನ ಬೇಕು. ಒಂದು ಸ್ಪೆಕ್ಟ್ರೋಮೀಟರಿಗೆ ಇಬ್ಬರಿದ್ದರೆ ಇಬ್ಬರೂ ಆ ಗೆರೆಗಳನ್ನು ಕಾಣುತ್ತಾರೆ. ಐವರಿದ್ದರೆ ಒಬ್ಬರು ವರ್ನಿಯರ್ ಓದುತ್ತಾರೆ, ಒಬ್ಬರು ಬರೆದುಕೊಳ್ಳುತ್ತಾರೆ, ಉಳಿದವರ ರೆಕಾರ್ಡ್ ಪುಸ್ತಕಕ್ಕೆ ಅದೇ ಅಂಕಿ ಇಳಿಯುತ್ತದೆ. ಅಂಕಪಟ್ಟಿಯಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಬೋಧಕರ ವಿಷಯವೂ ಹೀಗೆಯೇ. ರಾಜ್ಯದ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡಿವೆ. 2023ರ ಕೊನೆಯಲ್ಲಿ ಅವರು ಸೇವಾ ಭದ್ರತೆಗಾಗಿ ತರಗತಿ ಬಹಿಷ್ಕರಿಸಿದಾಗ ಪಾಠಗಳೇ ನಿಂತವು. ಅವರ ಬೇಡಿಕೆ ನ್ಯಾಯವಾದದ್ದು. ವರ್ಷವರ್ಷವೂ ನೇಮಕಾತಿಗೆ ಕಾಯುವವರಿಂದ ಪ್ರಯೋಗಾಲಯ ಕಟ್ಟಿಸುವ ನಿರೀಕ್ಷೆಯೇ ತಪ್ಪು. ಖಾಸಗಿ ವಿಶ್ವವಿದ್ಯಾಲಯದಲ್ಲಿ ಹುದ್ದೆ ಖಾಲಿ ಇರುವುದು ಕಡಿಮೆಯಿರಬಹುದು. ಆದರೆ ಕರಾರಿನ ನೌಕರಿ, ದಾಖಲಾತಿ ಕುಸಿದರೆ ಮುಚ್ಚುವ ಕೋರ್ಸು ಅಲ್ಲಿನ ಅಪಾಯಗಳು. ಡೇಟಾ ಸೈನ್ಸ್, ಫೊರೆನ್ಸಿಕ್ ಸೈನ್ಸ್‌ಗೆ ಸಿಗುವ ಬೇಡಿಕೆ ಶುದ್ಧ ಭೌತಶಾಸ್ತ್ರಕ್ಕೋ ಸಸ್ಯಶಾಸ್ತ್ರಕ್ಕೋ ಸಿಗುವುದಿಲ್ಲ. ಶುಲ್ಕವನ್ನೇ ನಂಬಿದ ಸಂಸ್ಥೆ ಬೇಡಿಕೆಯ ಹಿಂದೆ ಹೋಗುವುದು ಸಹಜ. ಬೇಡಿಕೆ ಇರಲಿ ಬಿಡಲಿ ಗಣಿತ, ರಸಾಯನಶಾಸ್ತ್ರ, ಭೂವಿಜ್ಞಾನ ವಿಭಾಗಗಳನ್ನು ಉಳಿಸಿಕೊಂಡು ಬಂದಿರುವುದು ಮಾನಸಗಂಗೋತ್ರಿ, ಧಾರವಾಡ, ಜ್ಞಾನಭಾರತಿಯಂಥ ಸರ್ಕಾರಿ ವಿಶ್ವವಿದ್ಯಾಲಯಗಳ ಆವರಣಗಳು.

ಸರ್ಕಾರಿ ಎಂಬ ಹೆಸರೂ ಒಂದೇ ತೂಕದ್ದಲ್ಲ. 2023ರ ಮಾರ್ಚ್‌ನಲ್ಲಿ ಬೀದರ್, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆಗಳಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳು ಉದ್ಘಾಟನೆಯಾದವು. ಒಂದೊಂದಕ್ಕೂ ಸಿಕ್ಕ ಆರಂಭಿಕ ಅನುದಾನ 2 ಕೋಟಿ ರೂಪಾಯಿ. ಎರಡೇ ವರ್ಷದಲ್ಲಿ, 2025ರ ಆರಂಭಕ್ಕೆ, ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾವ ಸಚಿವ ಸಂಪುಟದ ಉಪಸಮಿತಿಯಿಂದ ಬಂತು. ಶತಮಾನ ಕಂಡ ಮೈಸೂರು ವಿಶ್ವವಿದ್ಯಾಲಯವನ್ನೂ ಇವುಗಳನ್ನೂ ಒಂದೇ ಶೀರ್ಷಿಕೆಯಡಿ ಹೋಲಿಸುವುದರಲ್ಲಿ ಅರ್ಥವಿಲ್ಲ.

ಮೂರು ವರ್ಷ, ನಾಲ್ಕು ವರ್ಷ

ಕರ್ನಾಟಕ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ಶಿಫಾರಸಿನ ಮೇಲೆ 2024-25ರಿಂದ ರಾಜ್ಯ ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಗೆ, ಪಿಸಿಎಂ, ಸಿಬಿಜೆಡ್‌ನಂಥ ಮೂರು ವಿಷಯಗಳ ಸಂಯೋಜನೆಗೆ ಮರಳಿದವು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಹಲವು ನಾಲ್ಕು ವರ್ಷದ ಆನರ್ಸ್ ಮುಂದುವರಿಸಿವೆ.

ಪಿಸಿಎಂ ಓದಿದವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರರಲ್ಲೂ ಎಂ.ಎಸ್ಸಿ. ಬಾಗಿಲು ತೆರೆದಿರುತ್ತದೆ. ಹದಿನೇಳರ ಹರೆಯದಲ್ಲಿ ಯಾವ ವಿಷಯ ತನ್ನದೆಂದು ತಿಳಿಯದವರಿಗೆ ಇದು ದೊಡ್ಡ ಅನುಕೂಲ. ಶುಲ್ಕವೂ ಮೂರೇ ವರ್ಷಕ್ಕೆ. ನಾಲ್ಕು ವರ್ಷದ ಹಾದಿಯ ಅನುಕೂಲ ಬೇರೆ: ಅನುದಾನ ಆಯೋಗದ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಗಳಿಸಿದವರು ಎಂ.ಎಸ್ಸಿ. ಇಲ್ಲದೆಯೇ ಪಿಎಚ್.ಡಿ. ಪ್ರವೇಶಕ್ಕೆ ಅರ್ಹರು. ಸಂಶೋಧನೆಯೇ ಗುರಿ ಎಂದು ಮನಸ್ಸು ಗಟ್ಟಿಮಾಡಿಕೊಂಡವರಿಗೆ ನಾಲ್ಕನೆಯ ವರ್ಷದ ಪ್ರಬಂಧ ಬೆಲೆಯುಳ್ಳದ್ದು, ಅದನ್ನು ಮಾಡಿಸಬಲ್ಲ ಮಾರ್ಗದರ್ಶಕರು ಆ ವಿಭಾಗದಲ್ಲಿದ್ದರೆ ಮಾತ್ರ.

ಐಐಟಿಗಳ ಎಂ.ಎಸ್ಸಿ.ಗೆ ಕರೆದೊಯ್ಯುವ ಜ್ಯಾಮ್ ಪರೀಕ್ಷೆ ಕಾಲೇಜಿನ ಒಡೆತನ ಕೇಳುವುದಿಲ್ಲ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿಗೂ ಯಾವ ಕಾಲೇಜಿನವರಾದರೂ ಅರ್ಜಿ ಹಾಕಬಹುದು. ಅರ್ಜಿಗೆ ಬೇಕಾದ ಶಿಫಾರಸು ಪತ್ರವನ್ನು ವಿದ್ಯಾರ್ಥಿಯ ಗುರುತಿದ್ದು ಬರೆಯುವ ಅಧ್ಯಾಪಕರು ಇರಬೇಕು, ಅಷ್ಟೇ.

ಹಣದ ಲೆಕ್ಕ

ಸರ್ಕಾರಿ ಕಾಲೇಜಿನ ವಾರ್ಷಿಕ ಶುಲ್ಕ ಸಾವಿರಗಳಲ್ಲಿ, ಖಾಸಗಿಯದು ಬಹಳ ಕಡೆ ಲಕ್ಷದ ಲೆಕ್ಕದಲ್ಲಿ. ಆದರೂ ಎರಡು ಸಂಗತಿಗಳನ್ನು ಸೇರಿಸಿ ಲೆಕ್ಕ ಹಾಕಬೇಕು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2008ರಲ್ಲಿ ಆರಂಭಿಸಿದ ಇನ್‌ಸ್ಪೈರ್ ಯೋಜನೆಯಲ್ಲಿ, ಹನ್ನೆರಡನೆಯ ತರಗತಿಯ ಮಂಡಳಿ ಪರೀಕ್ಷೆಯ ಮೇಲಿನ ಶೇ. 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ವರ್ಷಕ್ಕೆ 80,000 ರೂ. ವಿದ್ಯಾರ್ಥಿವೇತನವಿದೆ. ಅದರಲ್ಲಿ 20,000 ರೂ. ಬೇಸಿಗೆ ಸಂಶೋಧನಾ ಯೋಜನೆಗೆಂದೇ ಮೀಸಲು. ಸರ್ಕಾರಿ ಕಾಲೇಜಿನಲ್ಲಿ ಈ ಮೊತ್ತ ಶುಲ್ಕ ಕಳೆದು ಹಾಸ್ಟೆಲ್, ಪುಸ್ತಕಕ್ಕೂ ಉಳಿಯುತ್ತದೆ. ಇನ್ನೊಂದು, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂತೆ ಕುಟುಂಬದ ಆದಾಯ ನೋಡಿ ಶುಲ್ಕ ವಿನಾಯಿತಿ ಕೊಡುವ ಖಾಸಗಿ ಸಂಸ್ಥೆಗಳೂ ಇವೆ. ಅಂಥ ಕಡೆ ಘೋಷಿತ ಶುಲ್ಕ ಕಂಡು ಹಿಂಜರಿಯುವ ಮುನ್ನ ವಿನಾಯಿತಿಯ ನಿಯಮ ಓದಬೇಕು.

ಫಲಿತಾಂಶಕ್ಕೆ ಮೊದಲೇ ಸೀಟು ಕಾಯ್ದಿರಿಸಿ ಎಂಬ ಒತ್ತಡಕ್ಕೂ ಕುಟುಂಬಗಳು ಮಣಿಯುತ್ತವೆ. 2024-25ನೇ ಸಾಲಿಗೆ ಅನುದಾನ ಆಯೋಗ ಹೊರಡಿಸಿದ ನೀತಿಯಂತೆ ಸೆಪ್ಟೆಂಬರ್ 30ರೊಳಗೆ ಪ್ರವೇಶ ಬಿಟ್ಟವರಿಗೆ ಪೂರ್ತಿ ಶುಲ್ಕ ಮರಳಿಸಬೇಕಿತ್ತು. ಹಣ ಕಟ್ಟಿದವರಲ್ಲಿ ಈ ಹಕ್ಕಿನ ಅರಿವು ಕಡಿಮೆ.

ಉಪಸಂಹಾರ

ಗುಣಮಟ್ಟ ಅಳೆದು ಕೊಡುವ ನ್ಯಾಕ್ ಶ್ರೇಣಿ ಸಿಗುವುದು ಇಡೀ ಸಂಸ್ಥೆಗೆ, ರಸಾಯನಶಾಸ್ತ್ರ ವಿಭಾಗಕ್ಕಲ್ಲ. ಸಂಲಗ್ನ ಕಾಲೇಜು ಸೇರುವವರು ವಿಶ್ವವಿದ್ಯಾಲಯದ ಶ್ರೇಣಿ ನೋಡಿ ಸಮಾಧಾನಪಟ್ಟರೆ ತಮ್ಮ ಕಾಲೇಜಿನ ಬಗ್ಗೆ ಏನೂ ತಿಳಿದಂತಾಗುವುದಿಲ್ಲ. ಆದ್ದರಿಂದ ರಾಜ್ಯದ ಪ್ರತಿ ವಿಜ್ಞಾನ ವಿಭಾಗ, ಸರ್ಕಾರಿಯಿರಲಿ ಖಾಸಗಿಯಿರಲಿ, ನಾಲ್ಕು ಮಾಹಿತಿಗಳನ್ನು ಕನ್ನಡದಲ್ಲಿ ಪ್ರಕಟಿಸುವಂತಾಗಬೇಕು: ಕಾಯಂ ಮತ್ತು ಅತಿಥಿ ಬೋಧಕರ ಸಂಖ್ಯೆ, ಪ್ರಯೋಗದ ಒಂದು ಬ್ಯಾಚಿನ ಗಾತ್ರ ಮತ್ತು ಉಪಕರಣಗಳ ಸಂಖ್ಯೆ, ಹಿಂದಿನ ಮೂರು ವರ್ಷಗಳ ಅಂತಿಮ ಸೆಮಿಸ್ಟರ್ ಫಲಿತಾಂಶದ ದಿನಾಂಕ, ಎಂ.ಎಸ್ಸಿ.ಗೆ ಹೋದವರ ವಿವರ. ಪದವಿ ಪ್ರವೇಶಕ್ಕೆಂದು ಸರ್ಕಾರ 2021ರಿಂದ ಬಳಸುತ್ತಿರುವ ಯುಯುಸಿಎಂಎಸ್ ಜಾಲತಾಣ ಇದಕ್ಕೆ ಸಿದ್ಧವಿರುವ ವೇದಿಕೆ. ಪಿಯು ಫಲಿತಾಂಶ ಬರುವ ಮೊದಲೇ ಈ ಪಟ್ಟಿ ಅಲ್ಲಿರಬೇಕು. ಖಾಸಗಿ ವಿಶ್ವವಿದ್ಯಾಲಯಗಳಿಗೂ ಅದನ್ನು ಕಡ್ಡಾಯ ಮಾಡಬೇಕು.