ಓಪನ್‌ಎಸ್‌ಎಸ್‌ಎಲ್: ಮುಕ್ತ ತಂತ್ರಾಂಶಕ್ಕೆ ಕಂಪನಿಗಳ ದೇಣಿಗೆ

ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಬಳಸಬಹುದಾದ ತಂತ್ರಾಂಶಕ್ಕೆ ಮುಕ್ತ ತಂತ್ರಾಂಶ ಅಥವಾ ಓಪನ್ ಸೋರ್ಸ್ ಎಂದು ಹೆಸರು. ಬಳಕೆ ಉಚಿತವಾದರೂ ಅದರ ಪಾಲನೆಗೆ ದುಡ್ಡು ಬೇಕು. ಆ ದುಡ್ಡು ಎಲ್ಲಿಂದ ಬರಬೇಕೆಂಬ ಪ್ರಶ್ನೆಯನ್ನು ದೈತ್ಯ ಕಂಪನಿಗಳು ಗಂಭೀರವಾಗಿ ತೆಗೆದುಕೊಂಡದ್ದು 2014ರಲ್ಲಿ, ಅದೂ ಅನಾಹುತವೊಂದು ಸಂಭವಿಸಿದ ಬಳಿಕ.

ಜಾಲತಾಣಗಳಲ್ಲಿ ನಾವು ನೀಡುವ ಗುಪ್ತಪದ, ಕಾರ್ಡ್ ಸಂಖ್ಯೆಗಳನ್ನು ದಾರಿಯಲ್ಲಿ ಯಾರೂ ಕದಿಯದಂತೆ ಗೂಢಲಿಪಿಗೆ ಬದಲಿಸುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಪ್ರಮುಖವಾದುದು. 2014ರ ಏಪ್ರಿಲ್ 7ರಂದು ಅದರಲ್ಲಿನ ದೋಷವೊಂದು ಬಹಿರಂಗವಾಯಿತು. 'ಹಾರ್ಟ್‌ಬ್ಲೀಡ್' ಎಂದು ಕರೆಯಲಾದ ಈ ದೋಷ 2012ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಆವೃತ್ತಿಯಿಂದಲೂ ಇತ್ತು. ಸಂಪರ್ಕ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಗಣಕವು ಸಣ್ಣ ಸಂದೇಶ ಕಳುಹಿಸಿ ಅದರ ಉದ್ದವನ್ನೂ ತಿಳಿಸುತ್ತದೆ. ಸರ್ವರ್ ಅಷ್ಟನ್ನೇ ಹಿಂದಿರುಗಿಸಬೇಕು. ಆದರೆ ಹೇಳಿದ ಉದ್ದ ನಿಜವೇ ಎಂದು ಓಪನ್‌ಎಸ್‌ಎಸ್‌ಎಲ್ ಪರಿಶೀಲಿಸುತ್ತಿರಲಿಲ್ಲ. ನಾಲ್ಕಕ್ಷರ ಕಳುಹಿಸಿ ಸಾವಿರಾರು ಅಕ್ಷರ ಎಂದು ಸುಳ್ಳು ಹೇಳಿದವನಿಗೆ, ಸರ್ವರಿನ ಸ್ಮೃತಿಯಲ್ಲಿ ಪಕ್ಕದಲ್ಲಿದ್ದುದೆಲ್ಲ ದಕ್ಕುತ್ತಿತ್ತು. ಒಂದು ಬಾರಿಗೆ 64 ಕಿಲೋಬೈಟ್‌ವರೆಗೆ!

ಆಗ ಹೊರಬಿದ್ದ ಲೆಕ್ಕ ದೋಷಕ್ಕಿಂತಲೂ ಬೆರಗು ಹುಟ್ಟಿಸುವಂಥದ್ದು. ಈ ಯೋಜನೆಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್, ಅಂದರೆ ಅಂದಿನ ದರದಲ್ಲಿ 1.2 ಲಕ್ಷ ರೂಪಾಯಿ. ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ. ಖರ್ಚು ತೂಗಿಸಲು ಸಂಸ್ಥೆಯು ಸಲಹಾ ಗುತ್ತಿಗೆಗಳನ್ನು ನೆಚ್ಚಿತ್ತು.

ಅದೇ ಏಪ್ರಿಲ್ 24ರಂದು ಲಿನಕ್ಸ್ ಫೌಂಡೇಷನ್ 'ಕೋರ್ ಇನ್‌ಫ್ರಾಸ್ಟ್ರಕ್ಚರ್ ಇನಿಷಿಯೇಟಿವ್' ಎಂಬ ನಿಧಿಯನ್ನು ಘೋಷಿಸಿತು. ಗೂಗಲ್, ಫೇಸ್‌ಬುಕ್, ಐಬಿಎಂ, ಇಂಟೆಲ್, ಸಿಸ್ಕೊ, ಅಮೆಜಾನ್‌ನ ವೆಬ್ ಸೇವಾ ವಿಭಾಗ ಮೊದಲಾದವು ತಲಾ ವರ್ಷಕ್ಕೆ ಕನಿಷ್ಠ 1 ಲಕ್ಷ ಡಾಲರಿನಂತೆ 3 ವರ್ಷ ನೀಡಲು ಒಪ್ಪಿದವು. ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಕೂಡ ಇತ್ತು. 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್‌ಗೆ ಹೋಲಿಸಿದ್ದು ಇದೇ ಕಂಪನಿಯ ಅಂದಿನ ಮುಖ್ಯಸ್ಥ ಸ್ಟೀವ್ ಬಾಮರ್. ಓಪನ್‌ಎಸ್‌ಎಸ್‌ಎಲ್‌ಗೆ ಇಬ್ಬರು ಪೂರ್ಣಾವಧಿ ತಂತ್ರಜ್ಞರ ವೇತನ ದೊರೆಯಿತು. ಗಣಕಗಳ ಗಡಿಯಾರ ಹೊಂದಿಸುವ ಎನ್‌ಟಿಪಿ ಹಾಗೂ ಓಪನ್‌ಎಸ್‌ಎಸ್‌ಎಚ್ ಯೋಜನೆಗಳಿಗೂ ನೆರವು ಸಂದಿತು.

ಈ ಕಂಪನಿಗಳ ವಹಿವಾಟಿನ ಮುಂದೆ ಲಕ್ಷ ಡಾಲರ್ ಏನೂ ಅಲ್ಲ. ಅಲ್ಲದೆ ದೇಣಿಗೆ ಹೆಸರು ಕೇಳಿದ ಯೋಜನೆಗಳಿಗಷ್ಟೇ ಹರಿಯುವುದುಂಟು. ಅಪಾಯವಿರುವುದಾದರೋ ಯಾರೂ ಹೆಸರೇ ಕೇಳದ ಕಡೆ. 2024ರ ಮಾರ್ಚ್‌ನಲ್ಲಿ 'ಎಕ್ಸ್‌ಝಡ್' ಎಂಬ ಕಡತ ಕುಗ್ಗಿಸುವ ತಂತ್ರಾಂಶದೊಳಗೆ ಕಳ್ಳಬಾಗಿಲು ಪತ್ತೆಯಾಯಿತು. ಅದನ್ನು ವರ್ಷಗಳ ಕಾಲ ಬಿಡುವಿನ ವೇಳೆಯಲ್ಲಿ ನೋಡಿಕೊಂಡಿದ್ದವರು ಒಬ್ಬ ಸ್ವಯಂಸೇವಕರು. ಸಹಾಯಕನ ಸೋಗಿನಲ್ಲಿ ಬಂದವನು ಅವರ ವಿಶ್ವಾಸ ಗಳಿಸಿ ಒಳಹೊಕ್ಕಿದ್ದ.

ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆ ಜೆರೋಧಾ ಅದೇ ವರ್ಷ ಅಕ್ಟೋಬರ್‌ನಲ್ಲಿ 'ಫ್ಲಾಸ್ ಫಂಡ್' ಘೋಷಿಸಿತು. ಜಗತ್ತಿನ ಯಾವುದೇ ಭಾಗದ ಮುಕ್ತ ತಂತ್ರಾಂಶ ಯೋಜನೆಗಳಿಗೆ ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್ ನೀಡುವುದು ಇದರ ಉದ್ದೇಶ. ಒಂದು ಯೋಜನೆಗೆ ಕನಿಷ್ಠ 10 ಸಾವಿರ, ಗರಿಷ್ಠ 1 ಲಕ್ಷ ಡಾಲರ್.