ಯೂರೋಪಿನ ಓಕ್ ಮರದ ವ್ಯಾಪಾರ

ಹದಿನೈದನೆಯ ಶತಮಾನದ ಫ್ಲಾಂಡರ್ಸ್ ದೇಶದ ವರ್ಣಚಿತ್ರಗಳ ಕೀರ್ತಿಯನ್ನು ಶ್ರೋತೃಗಳು ಕೇಳಿಯೇ ಇರುವರು. ಚಿತ್ರದ ಮುಖವನ್ನು ಮೆಚ್ಚುವ ನಾವು ಅದರ ಬೆನ್ನನ್ನು ನೋಡುವುದಿಲ್ಲ. ಯಾನ್ ವಾನ್ ಐಕ್ ಮೊದಲಾದವರು ಹೆಚ್ಚಾಗಿ ಚಿತ್ರ ಬರೆದುದು ಬಟ್ಟೆಯ ಮೇಲಲ್ಲ, ಓಕ್ ಮರದ ಹಲಗೆಯ ಮೇಲೆ. ನಮ್ಮಲ್ಲಿ ತೇಗಕ್ಕೆ ಯಾವ ಮರ್ಯಾದೆಯೋ ಯೂರೋಪಿನಲ್ಲಿ ಓಕ್ ಎಂಬ ಗಟ್ಟಿ ಮರಕ್ಕೆ ಅದೇ ಮರ್ಯಾದೆ. ಈ ಹಲಗೆಗಳು ಚಿತ್ರಕಾರರ ನೆರೆಹೊರೆಯ ಕಾಡಿನವೆಂದೇ ವಿದ್ವಾಂಸರು ಎಣಿಸಿದ್ದರು. ಮರದಲ್ಲಿ ವರ್ಷಕ್ಕೊಂದರಂತೆ ಮೂಡುವ ಉಂಗುರಗಳು ಆಯಾ ವರ್ಷದ ಮಳೆ ಚಳಿಗಳಿಗನುಸಾರವಾಗಿ ಅಗಲವೋ ಕಿರಿದೋ ಆಗುವುವಷ್ಟೆ. ಅವುಗಳನ್ನು ಅಳೆದು ಹೋಲಿಸಿದಾಗ, 1980ರ ದಶಕದಲ್ಲಿ, ಆ ಎಣಿಕೆ ತಪ್ಪೆಂದು ತಿಳಿಯಿತು. ಉಂಗುರಗಳ ಕ್ರಮವು ಹೊಂದಿದುದು ಪೋಲೆಂಡಿನ ಗ್ದಾನ್ಸ್ಕ್ ಸೀಮೆಯ ಓಕ್ ಮರಗಳಿಗೆ.

ಅಷ್ಟು ದೂರದಿಂದ ಮರವನ್ನು ತರಿಸಿದುದೇಕೆ? ದಟ್ಟವಾದ ಕಾಡಿನಲ್ಲಿ ನಿಧಾನವಾಗಿ ಬೆಳೆದ ಓಕ್ ಗಂಟಿಲ್ಲದೆ ನೆಟ್ಟಗಿರುತ್ತದೆ; ಬೆಣೆ ಹೊಡೆದರೆ ಎಳೆಯ ಜಾಡಿನಲ್ಲಿಯೇ ಸೀಳುತ್ತದೆ; ಹಾಗೆ ಸೀಳಿದ ಹಲಗೆ ಸುಲಭವಾಗಿ ಡೊಂಕಾಗದು. ಆದರೆ ಹಸಿ ಓಕ್ ನೀರಿನಲ್ಲಿ ಸರಿಯಾಗಿ ತೇಲದು. ಆದಕಾರಣ ಅದನ್ನು ಪೈನ್ ಮರದ ತೆಪ್ಪಗಳಿಗೆ ಹೇರಿ ವಿಸ್ಟುಲಾ ನದಿಯಲ್ಲಿ ಇಳಿಸುತ್ತಿದ್ದರು. ಗ್ದಾನ್ಸ್ಕಿನಲ್ಲಿ ಹಾನ್ಸಾ ಸಂಘದ ವರ್ತಕರು ಕೊಂಡು, ಡೆನ್ಮಾರ್ಕಿನ ದೊರೆಗೆ ಜಲಸಂಧಿಯ ಸುಂಕ ತೆತ್ತು, ಫ್ಲಾಂಡರ್ಸಿಗೂ ಇಂಗ್ಲೆಂಡಿಗೂ ಸಾಗಿಸುತ್ತಿದ್ದರು. ಗೋಡೆಗೆ ಹೊದಿಸುವ ಹಲಗೆಗೆ ಇಂಗ್ಲಿಷಿನಲ್ಲಿರುವ ವೇನ್‌ಸ್ಕಾಟ್ ಎಂಬ ಹೆಸರೂ ಉತ್ತರ ಜರ್ಮನಿಯ ಭಾಷೆಯಿಂದ ಸರಕಿನೊಡನೆ ಬಂದುದೇ.

ಓಕ್ ಮರ ಬಲಿಯಲು ನೂರು ವರ್ಷವಾದರೂ ಬೇಕು. ಕೊಂಡವರು ಪರರ ದೇಶದ ಒಂದು ಶತಮಾನವನ್ನೇ ಕೊಂಡರೆನ್ನಬಹುದು. ಮಾರಿದ ಪ್ರಭುಗಳ ಕೈಗೆ ಹಣ ಬಂದಿತು. ಕೊಡಲಿಯು ನದಿಯ ದಂಡೆಯನ್ನು ಬಿಟ್ಟು ಒಳನಾಡಿನತ್ತ ಸರಿಯಿತು. 1655ರಲ್ಲಿ ಸ್ವೀಡನ್ನಿನ ಸೈನ್ಯವು ಪೋಲೆಂಡಿಗೆ ನುಗ್ಗಿತು. ಆ ಕಾಲದಿಂದೀಚೆಗೆ ಚಿತ್ರಗಳ ಬೆನ್ನಿನಲ್ಲಿ ಬಾಲ್ಟಿಕ್ ಹಲಗೆ ಅಪರೂಪ.

ಡಚ್ಚರು ಇದರಿಂದ ಎದೆಗುಂದಲಿಲ್ಲ. ಅವರಿಗೆ ಕಾಡು ಇಲ್ಲದಿದ್ದರೂ ಗಾಳಿಯಿತ್ತು. ಕಾರ್ನೆಲಿಸ್ ಕಾರ್ನೆಲಿಸ್‌ಜೋನ್ ಎಂಬವನು 1594ರ ವೇಳೆಗೇ ಗಾಳಿಯಂತ್ರದಿಂದ ಮರ ಕೊಯ್ಯುವ ಉಪಾಯವನ್ನು ಕಂಡುಹಿಡಿದಿದ್ದನು. ರೈನ್ ನದಿಯಲ್ಲಿ ಜರ್ಮನಿಯ ದಿಮ್ಮಿಗಳು ಡಾರ್ಡ್ರೆಕ್ಟಿಗೆ ತೇಲಿಬಂದವು.

ಇಂಗ್ಲೆಂಡಿನ ಸ್ಥಿತಿ ಬೇರೆ. ಅಲ್ಲಿ ಓಕ್ ಇತ್ತು, ಆದರೆ ನೌಕಾಪಡೆಯ ಹಸಿವು ಅದಕ್ಕಿಂತ ದೊಡ್ಡದು. 1765ರಲ್ಲಿ ನೀರಿಗಿಳಿದ ವಿಕ್ಟರಿ ಎಂಬ ಒಂದೇ ಹಡಗಿಗೆ ಸುಮಾರು 6000 ಮರಗಳು ಬಿದ್ದುವು, ಬಹುಪಾಲು ಓಕ್. ಜಾನ್ ಎವೆಲಿನ್ 1664ರಲ್ಲಿಯೇ ಮರ ನೆಡಿರೆಂದು ಗ್ರಂಥ ಬರೆದಿದ್ದನು. ಆದರೂ ಕೊಂಡುತರುವ ಅಭ್ಯಾಸ ಬಿಡಲಿಲ್ಲ. 1806ರಲ್ಲಿ ನೆಪೋಲಿಯನ್ ಯೂರೋಪಿನ ಬಂದರುಗಳನ್ನು ಮುಚ್ಚಿಸಹೊರಟಾಗ ಆಂಗ್ಲರು ಕೆನಡಾದ ಕಾಡುಗಳತ್ತ ತಿರುಗಿದರು.

ಫ್ರಾನ್ಸ್ ದೇಶದ ಮಂತ್ರಿ ಕೋಲ್ಬೇರನು 1669ರಲ್ಲಿ ಕಾಡಿನ ಶಾಸನವನ್ನು ಹೊರಡಿಸಿದನು. ಅದು ಎಲ್ಲೆಡೆಯೂ ನಡೆಯಲಿಲ್ಲ; ಫ್ರಾನ್ಸಿಗೂ ಹೊರಗಿನ ಮರ ತಪ್ಪಲಿಲ್ಲ. ಆದರೂ ರಾಜ್ಯದ ಕಾಡುಗಳಲ್ಲಿ ಓಕ್ ಉಳಿಯಿತು. ಹಡಗಿಗೆಂದು ಬೆಳೆಸಿದ ಮರ ಬಲಿಯುವಷ್ಟರಲ್ಲಿ ಹಡಗುಗಳು ಕಬ್ಬಿಣದವಾದುವು, ಅದು ಬೇರೆ ಮಾತು. 2019ರಲ್ಲಿ ಪ್ಯಾರಿಸಿನ ನೋತ್ರ್ ದಾಮ್ ದೇವಾಲಯಕ್ಕೆ ಬೆಂಕಿ ಬಿದ್ದಿತು. 2021ರಲ್ಲಿ ಅದರ ಶಿಖರಕ್ಕಾಗಿ ಬೇರ್ಸೆ ಕಾಡಿನಲ್ಲಿ ಇನ್ನೂರು ವರ್ಷ ಮೀರಿದ ಎಂಟು ಓಕ್ ಮರಗಳನ್ನು ಕಡಿದರು. ಅವಕ್ಕಾಗಿ ಯಾವ ಬಂದರಿನಲ್ಲಿಯೂ ಸುಂಕ ತೆರಬೇಕಾಗಲಿಲ್ಲ.